ಹಿತ್ತಲ ಕೋಳಿಗೆ ಸಿಗದ ಒಂದು ಹನಿ

ರಾತ್ರಿ ಕವುಚಿ ಹಾಕಿದ್ದ ಮಂಕರಿಯನ್ನು ಬೆಳಿಗ್ಗೆ ಎತ್ತಿದರೂ ಹ್ಯಾಟೆ ಹೊರಗೆ ಓಡುವುದಿಲ್ಲ. ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ ಕೂತಿರುತ್ತದೆ. ಬಾಯಿ ತೆರೆದು ಉಸಿರೆಳೆಯುತ್ತದೆ, ಹಿಕ್ಕೆ ಹಸಿರು ನೀರಾಗಿ ಹೋಗುತ್ತದೆ. ಉಳಿದುಕೊಂಡರೆ ಕೆಲವು ದಿನಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ಕಾಳು ಹೆಕ್ಕಲು ಬಗ್ಗಿದರೆ ತಲೆ ಬೆನ್ನ ಕಡೆಗೆ ಹೊರಳುತ್ತದೆ. ಒಂದು ಕೋಳಿಗೆ ಬಂದದ್ದು ಪಕ್ಕದ ಮನೆಯ ಪಿಳ್ಳೆಗಳಿಗೂ ದಾಟುತ್ತದೆ. ನೋಡನೋಡುತ್ತಿದ್ದಂತೆ ಕೇರಿಯ ಹಿತ್ತಲುಗಳೆಲ್ಲ ಖಾಲಿ.

ಹಳ್ಳಿಯವರು ಇದನ್ನು ಕೊಕ್ಕರೆ ರೋಗ ಎನ್ನುತ್ತಾರೆ. ಪಶುವೈದ್ಯರು ರಾಣಿಖೇತ್ ಎನ್ನುತ್ತಾರೆ. ಹೊರದೇಶಗಳಲ್ಲಿ ಇದರ ಹೆಸರು ನ್ಯೂಕ್ಯಾಸಲ್ ರೋಗ.

1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ ಸಾಕಿದ್ದ ಕೋಳಿಗಳು ಸಾಲಾಗಿ ಸತ್ತವು. ಟಿ.ಎಂ. ಡಾಯ್ಲ್ ಎಂಬ ವಿಜ್ಞಾನಿ ಇದು ಅದುವರೆಗೆ ಗೊತ್ತಿದ್ದ ಕೋಳಿ ಪ್ಲೇಗ್ ಅಲ್ಲ, ಬೇರೆಯದೇ ವೈರಸ್ಸು ಎಂದು ತೋರಿಸಿ, ಸದ್ಯಕ್ಕಿರಲಿ ಎಂದು ಊರಿನ ಹೆಸರನ್ನೇ ಇಟ್ಟರು. ಅದೇ ಕಾಯಂ ಆಯಿತು. ಅದೇ ವರ್ಷ ಜಾವಾ ದ್ವೀಪದಲ್ಲೂ ಇದೇ ರೋಗ ದಾಖಲಾಯಿತು. ನಮ್ಮಲ್ಲಿ ಅದು ಕಂಡದ್ದು ಕುಮಾಂವ್ ಬೆಟ್ಟಸಾಲಿನ ರಾಣಿಖೇತ್‌ನಲ್ಲಿ. ಜೆ.ಟಿ. ಎಡ್ವರ್ಡ್ಸ್ ಎಂಬ ವಿಜ್ಞಾನಿ 1928ರಲ್ಲಿ ಅದನ್ನು ವರದಿ ಮಾಡಿದರು. ರೋಗ ಈ ಊರುಗಳಲ್ಲೇ ಹುಟ್ಟಿತೆಂದೇನೂ ಅಲ್ಲ, ಮೊದಲು ಗುರುತು ಸಿಕ್ಕಿದ್ದಕ್ಕೆ ಹೆಸರು ಅಂಟಿಕೊಂಡಿತು.

ಎಡ್ವರ್ಡ್ಸ್ ಕೆಲಸ ಮಾಡುತ್ತಿದ್ದದ್ದು ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ. ಜಾನುವಾರುಗಳ ಮಾರಕ ರೋಗಾಣುಗಳನ್ನು ಊರುಕೇರಿಗಳಿಂದ ದೂರವಿಟ್ಟು ಅಭ್ಯಾಸ ಮಾಡಲೆಂದು ಪುಣೆಯ ಪ್ರಯೋಗಾಲಯವನ್ನು 1893ರಲ್ಲಿ ಅಲ್ಲಿಗೆ ಒಯ್ದಿದ್ದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದು. 1940ರ ದಶಕದಲ್ಲಿ ಅಲ್ಲಿನ ಸಂಶೋಧಕರಾದ ಹ್ಯಾಡೊ ಮತ್ತು ಇದ್ನಾನಿ ಕೊಲ್ಲುವ ವೈರಸ್ಸನ್ನೇ ಹಿಡಿದು ಪಳಗಿಸಿದರು. ಮರಿ ಬೆಳೆಯುತ್ತಿರುವ ಮೊಟ್ಟೆಗೆ ವೈರಸ್ಸನ್ನು ಚುಚ್ಚುವುದು, ಅಲ್ಲಿ ಬೆಳೆದದ್ದನ್ನು ತೆಗೆದು ಇನ್ನೊಂದು ಮೊಟ್ಟೆಗೆ ಹಾಕುವುದು, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ದಾಟಿ ದಾಟಿ ಮೊಟ್ಟೆಗೆ ಒಗ್ಗಿಕೊಂಡ ವೈರಸ್ಸು ಕೋಳಿಯನ್ನು ಕೊಲ್ಲುವ ಕಸುವು ಕಳೆದುಕೊಂಡಿತು. ಮುಕ್ತೇಶ್ವರ ತಳಿ ಎಂದೇ ಜಗತ್ತು ಅದನ್ನು ಕರೆಯುತ್ತದೆ. ಆರ್‌2ಬಿ ಎಂಬ ಹೆಸರಿನಲ್ಲಿ ಬೆಳೆದ ಕೋಳಿಗಳಿಗೆ ಚುಚ್ಚುಮದ್ದಾಗಿ ಇಂದಿಗೂ ಬಳಕೆಯಲ್ಲಿದೆ. ಮರಿಗಳಿಗೆ ಅದು ಖಾರವಾಗುತ್ತದೆ. ಅದಕ್ಕೇ ಹುಟ್ಟಿದ ವಾರದೊಳಗೆ ಎಫ್ ಅಥವಾ ಲಸೋಟಾ ಎಂಬ ಸೌಮ್ಯ ತಳಿಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡುತ್ತಾರೆ. ಲಸೋಟಾ ಎನ್ನುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ ಆ ವೈರಸ್ಸು ಸಿಕ್ಕ ಕೋಳಿ ಫಾರಂ ಮಾಲೀಕರ ಮನೆತನದ ಹೆಸರು.

ಒಂದೇ ವೈರಸ್ಸು ಒಂದು ಕಡೆ ಮದ್ದು, ಇನ್ನೊಂದು ಕಡೆ ಮೃತ್ಯು ಆಗುವುದು ಹೇಗೆ? ಇದಕ್ಕೆ ಸಂಶೋಧಕರು ಕಂಡುಕೊಂಡ ಉತ್ತರ ನಿಜಕ್ಕೂ ಸೊಗಸಾಗಿದೆ. ವೈರಸ್ಸಿನ ಮೈಮೇಲೆ ಎಫ್ ಎಂಬ ಪ್ರೋಟೀನು ಇದೆ (ಇದು ಮೇಲೆ ಹೇಳಿದ ಎಫ್ ತಳಿಯಲ್ಲ). ಜೀವಕೋಶದೊಳಗೆ ನುಗ್ಗಲು ಅದೇ ಬೇಕು. ಆದರೆ ಕೋಳಿಯ ಮೈಯಲ್ಲಿರುವ ಕಿಣ್ವವೊಂದು ಅದನ್ನು ಎರಡು ಹೋಳು ಮಾಡಿದ ಮೇಲಷ್ಟೇ ಅದು ಕೆಲಸಕ್ಕೆ ಬರುತ್ತದೆ. ಸೌಮ್ಯ ತಳಿಯ ಪ್ರೋಟೀನನ್ನು ಸೀಳುವ ಕಿಣ್ವಗಳು ಇರುವುದು ಉಸಿರುನಾಳ, ಕರುಳುಗಳಲ್ಲಿ ಮಾತ್ರ; ಸೋಂಕು ಅಲ್ಲೇ ನಿಲ್ಲುತ್ತದೆ. ಉಗ್ರ ತಳಿಯಲ್ಲಿ ಸೀಳುವ ಜಾಗದ ಕೆಲವೇ ಅಮೈನೋ ಆಮ್ಲಗಳು ಬೇರೆ. ಅದನ್ನು ಸೀಳಲು ಮೈತುಂಬ ಇರುವ ಫ್ಯೂರಿನ್ ಎಂಬ ಕಿಣ್ವ ಸಾಕು. ಮಿದುಳಿನವರೆಗೂ ದಾರಿ ತೆರೆದಂತೆಯೇ. 15,000ಕ್ಕೂ ಹೆಚ್ಚು ಅಕ್ಷರಗಳ ಆರ್‌ಎನ್‌ಎ ಬರಹದಲ್ಲಿ ಬೆರಳೆಣಿಕೆಯ ಅಕ್ಷರಗಳು ಕೋಳಿಯ ಹಣೆಬರಹ ಬರೆಯುತ್ತವೆ. ಇದು ಪುಸ್ತಕದ ಮಾತಷ್ಟೇ ಅಲ್ಲ. 1990ರ ದಶಕದ ಕೊನೆಗೆ ಆಸ್ಟ್ರೇಲಿಯಾದಲ್ಲಿ ಅಲ್ಲಿನದೇ ಸಾಧು ತಳಿಯೊಂದು ಇದೇ ಜಾಗದಲ್ಲಿ ಬದಲಾಗಿ ಕೊಲ್ಲುವ ತಳಿಯಾಯಿತು.

ಲಸಿಕೆ ಹಿಡಿದಿದೆಯೇ ಎಂದು ನೋಡುವ ಪರೀಕ್ಷೆಯೂ ಅಷ್ಟೇ ಸರಳ. ಸಣ್ಣ ಗುಳಿಗಳ ತಟ್ಟೆಯೊಂದರಲ್ಲಿ ಕೋಳಿಯ ರಕ್ತದ ತಿಳಿ, ವೈರಸ್ಸು, ಕೆಂಪು ರಕ್ತಕಣ ಬೆರೆಸಿ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಬಿಡುತ್ತಾರೆ. ರಕ್ಷಣೆಯಿಲ್ಲದ ಕೋಳಿಯದಾದರೆ ವೈರಸ್ಸು ಕಣಗಳನ್ನು ಹೆಣೆದು ಗುಳಿಯ ತುಂಬ ತೆಳು ಕೆಂಪು ಪರದೆ ಹಾಸುತ್ತದೆ. ರಕ್ಷಣೆ ಇದ್ದರೆ ಕಣಗಳು ತಳದಲ್ಲಿ ಗುಂಡಿಯಂತೆ ಕೂರುತ್ತವೆ. ತಟ್ಟೆ ಓರೆ ಮಾಡಿದರೆ ಕಣ್ಣೀರ ಹನಿಯಂತೆ ಕೆಳಗೆ ಜಾರುತ್ತವೆ.

ಇಷ್ಟೆಲ್ಲ ತಿಳಿದೂ ಹಿತ್ತಲ ಕೋಳಿ ಸಾಯುತ್ತಿರುವುದು ಯಾಕೆ? ಲಸಿಕೆಯ ಬಾಟಲಿ ಬರುವುದು ನೂರು, ಇನ್ನೂರು, ಐನೂರು, ಸಾವಿರ ಕೋಳಿಗಳ ಲೆಕ್ಕದಲ್ಲಿ. ಅದನ್ನು ತಣ್ಣಗಿಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಫಾರಂನವರಿಗೆ ಇದು ಹೊಂದುತ್ತದೆ. ಎಂಟು ಕೋಳಿ ಸಾಕಿ, ಮೊಟ್ಟೆ ಮಾರಿ ಮಕ್ಕಳ ಪುಸ್ತಕ ಕೊಳ್ಳುವ ಹೆಣ್ಣುಮಗಳಿಗೆ ಹೊಂದುವುದಿಲ್ಲ. ಈ ಕೊರತೆಯನ್ನು ನೋಡಿ ಕೆಲಸ ಮಾಡಿದವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ. ಬಿಸಿ ತಾಳುವ ಐ-2 ಎಂಬ ಸೌಮ್ಯ ತಳಿಯನ್ನು ಅವರ ತಂಡ ಆರಿಸಿ ತೆಗೆಯಿತು. ಅದರ ಮೂಲಬೀಜವನ್ನು ಬಡ ದೇಶಗಳಿಗೆ ಬಿಟ್ಟಿಯಾಗಿ ಕೊಟ್ಟರು. ಮೊಜಾಂಬಿಕ್, ತಾಂಜಾನಿಯಾಗಳಲ್ಲಿ ಹಳ್ಳಿಯವರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಕಣ್ಣಿಗೆ ಹನಿ ಬಿಟ್ಟರು. ಈ ರೋಗದ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಬಡವರ ಹಿತ್ತಲಿನ ಹತ್ತಿರಕ್ಕೆ ಬಂದದ್ದು ಇದೇ.

ಕರ್ನಾಟಕಕ್ಕೆ ಲಸಿಕೆ ದೂರದ ಮಾತೇನಲ್ಲ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಕೊಕ್ಕರೆ ರೋಗದ ಲಸಿಕೆ ತಯಾರಿಸುತ್ತದೆ. ಹಳ್ಳಿಯ ಹಿತ್ತಲಿಗೆಂದೇ ಬೆಳೆಸಿದ ಗಿರಿರಾಜ ಕೋಳಿಯೂ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಕೊಡುಗೆಯೇ. ಕೇರಿಯ ಹತ್ತಿಪ್ಪತ್ತು ಮನೆಯವರು ಸೇರಿದರೆ ಒಂದು ಬಾಟಲಿ ಒಂದೇ ಬೆಳಿಗ್ಗೆ ಖರ್ಚಾಗುತ್ತದೆ, ಗೂಡು ಬಿಡುವ ಮುಂಚೆ, ಕೋಳಿ ಕೈಗೆ ಸಿಗುವ ಹೊತ್ತಿಗೆ. ರೋಗ ಕಂಡ ಮೇಲೆ ಇದಕ್ಕೆ ಔಷಧಿ ಇಲ್ಲ. ತೂಕಡಿಸುವ ಕೋಳಿಯನ್ನು ಸಂತೆಗೆ ಒಯ್ದು ಮಾರಿದರೆ ರೋಗ ಇನ್ನೊಂದು ಊರಿಗೆ ಹೋಗುತ್ತದೆ. ಸತ್ತದ್ದನ್ನು ಬೇಲಿಯಾಚೆ ಎಸೆಯದೆ ಗುಂಡಿ ತೋಡಿ ಹೂಳಬೇಕು. ಬೇಸಿಗೆ ಕಾಲಿಡುವ ಮುಂಚೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಕ್ಕಪಕ್ಕದವರನ್ನು ಸೇರಿಸಿಕೊಂಡು ಕೇರಿಗೊಂದು ಲಸಿಕೆಯ ದಿನ ಗೊತ್ತುಮಾಡಿಕೊಳ್ಳಿ.