ಬಿರುಗಾಳಿಯ ತರುವಾಯದ ಕತ್ತಲೆ

ಚಂಡಮಾರುತವೆಂಬುದು ಕಡಲತೀರದವರ ಕಷ್ಟ, ಒಳನಾಡಿನ ನಮಗೆ ಅದರ ಭಯವಿಲ್ಲ ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿತ್ತು. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ‘ಫೆಂಗಲ್’ ಚಂಡಮಾರುತವು ಆ ಭಾವನೆಯನ್ನು ಅಳಿಸಿಹಾಕಿತು. ಅದು ಬಲಗುಂದಿ ಒಳನಾಡಿಗೆ ಸರಿದಾಗ ನಮ್ಮ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ, ಡಿಸೆಂಬರ್ 2ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿದು, ರಸ್ತೆಬದಿಯ ವಾಹನಗಳು ಕೊಚ್ಚಿಹೋದವು. ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆ ಬೇಸಿಗೆಯ ಗುಡುಗುಮಳೆಯೂ ಮರಗಳನ್ನು ಕೆಡಹುವುದುಂಟು. ಆದುದರಿಂದ ಎರಡು ಮೂರು ದಿನ ವಿದ್ಯುತ್ತಿಲ್ಲದೆ ಸಂಸಾರ ನಡೆಸುವ ಕ್ರಮವನ್ನು ಪ್ರತಿಯೊಂದು ಮನೆಯವರೂ ಅರಿತಿರತಕ್ಕದ್ದು.

ಪೇಟೆಯಲ್ಲಿ ದೀಪ ಹೊತ್ತಿದ ಮೇಲೂ ಹಳ್ಳಿಯಲ್ಲೇಕೆ ಕತ್ತಲೆ? ದುರಸ್ತಿಯು ಮೊದಲು ಉಪಕೇಂದ್ರದಲ್ಲಿ, ಬಳಿಕ 11,000 ವೋಲ್ಟಿನ ತಂತಿಮಾರ್ಗದಲ್ಲಿ, ಅನಂತರ ಟ್ರಾನ್ಸ್‌ಫಾರ್ಮರಿನಲ್ಲಿ, ಕಡೆಗೆ ಬೀದಿಯ ತಂತಿಯಲ್ಲಿ ನಡೆಯುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ತಡವಾಗಿ ಮುಟ್ಟುವಂತೆಯೇ ಇದು. ಎಲ್ಲಿ ಕಂಬ ಬಿದ್ದಿದೆಯೆಂಬುದನ್ನು ಗುರುತುಸಹಿತ ತಿಳಿಸಿದರೆ ಕೆಲಸ ಬೇಗ ಸಾಗುತ್ತದೆ. ಇದಕ್ಕಾಗಿ ತಮಿಳುನಾಡು ವಿದ್ಯುತ್ ಮಂಡಳಿಯ ‘ಮಿನ್ನಗಂ’ ಕೇಂದ್ರದ 94987 94987 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡುವುದು ಲೇಸು.

ಕತ್ತಲೆ ಪ್ರಾಣ ತೆಗೆಯದು, ಅವಸರ ತೆಗೆಯುತ್ತದೆ. ಬಿದ್ದ ತಂತಿ ಸತ್ತಂತೆ ಕಂಡರೂ ಅದರ ಸಮೀಪ ಹೋಗಕೂಡದು. ಒದ್ದೆ ನೆಲದಲ್ಲಿ ವಿದ್ಯುತ್ತು ಹರಡಿರಬಹುದು. ಹತ್ತು ಮೀಟರಿನಾಚೆ ನಿಂತು, ಮಕ್ಕಳನ್ನೂ ದನಗಳನ್ನೂ ತಡೆಯಬೇಕು.

ಎರಡನೆಯ ಅಪಾಯವು ನಮ್ಮ ಕೈಯಿಂದಲೇ ಆಗುವಂಥದು. ಕೆಲವರು ಜನರೇಟರನ್ನು ತಂದು ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸುತ್ತಾರೆ. ಆಗ ವಿದ್ಯುತ್ತು ಮನೆಯಿಂದ ಹಿಮ್ಮುಖವಾಗಿ ಹೊರಟು ಬೀದಿಯ ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. 11,000 ವೋಲ್ಟನ್ನು ಮನೆಬಳಕೆಗೆ ಇಳಿಸುವ ಆ ಯಂತ್ರವೇ ಈಗ ಅದನ್ನು ಮತ್ತೆ ಏರಿಸುತ್ತದೆ. ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಿ ಕಂಬವೇರಿದ ಲೈನ್‌ಮನ್ನನ ಗತಿಯೇನು? ನಮ್ಮ ಮನೆಯ ಬೆಳಕಿಗಾಗಿ ಮತ್ತೊಂದು ಮನೆಯ ದೀಪ ಆರಬಾರದು. ಬಲ್ಲವರಿಂದ ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸಿದ ಹೊರತು ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸಕೂಡದು. ಅದನ್ನು ಮನೆಯೊಳಗೂ ನಡೆಸಬಾರದು. ಅದರ ಹೊಗೆಯಲ್ಲಿಯೂ, ಚಳಿಗೆಂದು ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲ ಒಲೆಯಲ್ಲಿಯೂ ವಾಸನೆಯಿಲ್ಲದ ವಿಷಾನಿಲವಿರುತ್ತದೆ.

ಇನ್ನು ಗೃಹಕೃತ್ಯ. ಗಾಳಿಯ ಮುನ್ಸೂಚನೆ ಬಂದೊಡನೆ ಹಂಡೆ, ಕೊಡಗಳಲ್ಲಿ ನೀರು ತುಂಬಿಸಬೇಕು. ಮೋಟಾರು ನಿಂತ ಮೇಲೆ ಕೊಳವೆಬಾವಿಯಿದ್ದೂ ಪ್ರಯೋಜನವಿಲ್ಲ. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಹಾಲನ್ನು ಕಾಯಿಸಿ ಹೆಪ್ಪು ಹಾಕುವುದು ಮೇಲು. ರಾಗಿ ಹುರಿಹಿಟ್ಟು, ಅವಲಕ್ಕಿಗಳಿಗೆ ಫ್ರಿಜ್ಜಿನ ಹಂಗಿಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆಗಳು ಸಾಮಾನ್ಯವಾಗಿ ತಣ್ಣನೆಯ ಕೋಣೆಯಲ್ಲಿ ನಾಲ್ಕು ವಾರದವರೆಗೆ ಕೆಡವು. ಆದರೂ ತಮ್ಮ ಔಷಧದ ವಿಷಯವನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬೇಕು. ಹಣತೆ, ಮೇಣದಬತ್ತಿಗಳು ಸೊಳ್ಳೆಪರದೆಯಿಂದ ದೂರವಿರಲಿ. ಮೋಟಾರು, ಟಿವಿಗಳ ಸ್ವಿಚ್ಚನ್ನು ಆರಿಸಿ, ಒಂದು ಬಲ್ಬಿನದನ್ನು ಮಾತ್ರ ಹಾಕಿಟ್ಟರೆ ವಿದ್ಯುತ್ತು ಮರಳಿದ್ದು ತಿಳಿಯುತ್ತದೆ; ಏರಿಳಿತದಿಂದ ಯಂತ್ರಗಳು ಸುಡುವುದೂ ತಪ್ಪುತ್ತದೆ.

ನೆರೆಮನೆಯಲ್ಲಿ ವೃದ್ಧರೋ ಬಾಣಂತಿಯೋ ಇದ್ದರೆ ಸಂಜೆಯೊಮ್ಮೆ ಹೋಗಿ ವಿಚಾರಿಸಬೇಕು. ಕಂಬದ ಕೆಲಸಕ್ಕೆ ಬಂದವರಿಗೆ ಬೈಗುಳದ ಬದಲು ಒಂದು ಲೋಟ ಮಜ್ಜಿಗೆ ಕೊಟ್ಟರೆ ನಮ್ಮ ಊರಿಗೇ ಶೋಭೆ.