ಎಷ್ಟು ದಿನಕ್ಕೆ ಸಾಕು?

ಬೆಳಗಿನ ಎಂಟಕ್ಕೇ ಬಳ್ಳಾರಿಯ ಕೌಲ್‌ಬಜಾರದ ಓಣಿಗಳಲ್ಲಿ ಹೊಲಿಗೆ ಮಷಿನ್ನುಗಳ ಸದ್ದು ಎದ್ದಿರುತ್ತದೆ. ಕೋಟೆಗುಡ್ಡದ ಬಂಡೆಗಳು ಇನ್ನೂ ಕಾದಿಲ್ಲ, ಈ ಶೆಡ್ಡಿನ ತಗಡು ಮಾತ್ರ ಆಗಲೇ ಬಿಸಿ. ಉದ್ದನೆಯ ಮೇಜಿನ ಮೇಲೆ ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿದ್ದಾರೆ. ಕಟಿಂಗ್ ಮಾಸ್ತರ್ ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಸೀಮೆಸುಣ್ಣದ ಗೆರೆಯ ಗುಂಟ ಮಷಿನ್ ನೂಕುತ್ತಾನೆ. ಏಳುವ ನೀಲಿ ಧೂಳು ಅವನ ರೆಪ್ಪೆಯ ಮೇಲೂ ಕೂತಿದೆ. ಮುಂಭಾಗ, ಹಿಂಭಾಗ, ಜೇಬು, ಬೆಲ್ಟು ಬೇರೆ ಬೇರೆ ಗಂಟಾಗಿ ಮೂಲೆ ಸೇರುತ್ತವೆ. ಮಧ್ಯಾಹ್ನದೊಳಗೆ ಅರ್ಧ ಗಂಟುಗಳು ಹೆಂಗಸರ ಕಂಕುಳಲ್ಲಿ ಮನೆಮನೆಗೆ ಹೋಗುತ್ತವೆ.

"ಎಷ್ಟು ಪೀಸ್ ಹಾಕೀರಿ ಅಣ್ಣಾ?"

"ಮುನ್ನೂರು. ಮೊದ್ಲಾಗಿದ್ರೆ ಸಾವಿರ ಹಾಕ್ತಿದ್ದೆ," ಎಂದರು ಮಾಲೀಕರು. "ಈಗ ಮುನ್ನೂರು ಮಾರಿ, ರೊಕ್ಕ ಕೈಗೆ ಬಂದ ಮೇಲೆ ಇನ್ನೊಂದು ಮುನ್ನೂರು."

ಕೇಳಿದವರು ವ್ಯಾಪಾರ ಕುಗ್ಗಿದೆ ಅಂದುಕೊಂಡಾರು. ನನಗೆ ಹಾಗನ್ನಿಸಲಿಲ್ಲ. ಬಟ್ಟೆಗೆ ಮೊದಲೇ ರೊಕ್ಕ ಕೊಡಬೇಕು, ಹೊಲಿಗೆಯವರಿಗೆ ವಾರವಾರ ಕೂಲಿ ಕೊಡಬೇಕು, ವಾಷಿಂಗ್‌ನವರೂ ಕಾಯುವುದಿಲ್ಲ. ಪ್ಯಾಂಟು ಒಯ್ದ ಹೊರೂರಿನ ವ್ಯಾಪಾರಿ ಮಾತ್ರ ತಿಂಗಳುಗಟ್ಟಲೆ ಕಾಯಿಸುತ್ತಾನೆ. ಸಣ್ಣ ಕಾರ್ಖಾನೆಯ ಬಾಕಿಯನ್ನು 45 ದಿನದೊಳಗೆ ತೀರಿಸದಿದ್ದರೆ, ತೀರಿಸುವ ತನಕ ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದು ಈ ಓಣಿಗೆ ಬರಲು ಇನ್ನೂ ದಾರಿ ಇದೆ.

ಇಲ್ಲಿಯ ಹೊಲಿಗೆಗೆ ಮೂಲ ದಂಡು. ಬ್ರಿಟಿಷರ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಬಂದ ದರ್ಜಿಗಳ ಕೈಯಿಂದ ಬೆಳೆದ ಕಸುಬು ಇದು. ದಂಡು ಹೋದರೂ ಕೈ ಉಳಿಯಿತು, ಅದೇ ಕೈ ಜೀನ್ಸ್ ಹಿಡಿಯಿತು. ಪೆಟ್ಟುಗಳನ್ನೂ ಈ ಊರು ತಾರೀಖು ಸಮೇತ ನೆನಪಿಟ್ಟಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಲಾರಿಗಳ ಜತೆ ಊರಿನ ಖರ್ಚೂ ನಿಂತಿತು. 2016ರ ನವೆಂಬರ್ 8ಕ್ಕೆ ನೋಟು ಹೋದವು, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, 2020ರ ಮಾರ್ಚ್‌ನಲ್ಲಿ ಬೀಗವೇ ಬಿತ್ತು.

"ಆಗ ಹನ್ನೆರಡು ದಿನಕ್ಕೆ ಖಾಲಿ ಆದೆ," ಎಂದರು ಮಾಲೀಕರು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದಿದ್ದರು: ಕೂಲಿ, ಬಾಡಿಗೆ, ಕರೆಂಟು, ಬ್ಯಾಂಕಿನ ಕಂತು. ನಾಳೆಯಿಂದ ಒಂದು ಪೈಸೆ ಬರದಿದ್ದರೂ ಎಷ್ಟು ದಿನ ಬಾಗಿಲು ತೆರೆದಿರಬಹುದು? ಕೆಳಗೆ ಪೆನ್ಸಿಲ್ಲಿನಲ್ಲಿ 40 ಎಂದಿತ್ತು. ಲಾಭ ಎಷ್ಟೆಂದು ಕೇಳುವ ನಾವು ಈ ಅಂಕಿಯನ್ನು ಕೇಳುವುದೇ ಇಲ್ಲ. ಸಣ್ಣ ದಂಧೆಯವನ ಜೀವ ಇರುವುದು ಇದರಲ್ಲೇ.

ಅದೇ ಅಂಕಿ ಕೇಳುತ್ತ ಹಿಡಿದ ಸಿರುಗುಪ್ಪದ ಹಾದಿ ಗದ್ದೆಗಳ ನಡುವೆ ಸಾಗುತ್ತದೆ. ರೈಸ್‌ಮಿಲ್ಲಿನ ಅಂಗಳದಲ್ಲಿ 75 ಕೆ.ಜಿ. ಭತ್ತದ ಚೀಲಗಳ ಥಪ್ಪಿ. ಮಾಲೀಕರು ಒಂದು ಚೀಲದಿಂದ ಹಿಡಿ ಸೋನಾಮಸೂರಿ ತೆಗೆದು, ಎರಡೂ ಅಂಗೈ ನಡುವೆ ಉಜ್ಜಿ, ಉಫ್ ಎಂದು ಹೊಟ್ಟು ಊದಿದರು. ಉಳಿದ ಕಾಳಿನಲ್ಲಿ ಒಂದನ್ನು ಹಲ್ಲಿಗಿಟ್ಟು ಕಡಿದರು. ಕಟ್ ಎಂದು ಮುರಿಯಿತು. "ಒಣಗೈತಿ," ಎಂದು ಹಮಾಲರಿಗೆ ಕಣ್ಸನ್ನೆ ಮಾಡಿದರು.

ಭತ್ತ ಹಲ್ಲಿಗೆ ತಿಳಿಯುತ್ತದೆ, ದರ ತಿಳಿಯುವುದಿಲ್ಲ. 2023ರ ಜುಲೈ 20ಕ್ಕೆ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ನಿಲ್ಲಿಸಿತು. ಅದು ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ಆ ನಡುವೆಯೇ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಕೆರೆಯಂತಿದ್ದ ಡ್ಯಾಮಿನ ನೀರು ಕಣ್ಣೆದುರೇ ಹರಿದು ಹೋಗುತ್ತಿದ್ದ ಆ ವಾರ ಇಲ್ಲಿ ಯಾರಿಗೂ ನಿದ್ದೆಯಿಲ್ಲ. ಹರಿವ ನೀರಿನ ನಡುವೆಯೇ ಉಕ್ಕಿನ ತುಂಡುಗಳನ್ನು ಇಳಿಸಿ ಗೇಟಿನ ಬಾಯಿ ಮುಚ್ಚಿದ ತಂತ್ರಜ್ಞರನ್ನು ಈ ಸೀಮೆ ಮರೆಯಬಾರದು. ಮುಂದೆ ಹಳೆಯ ಗೇಟುಗಳನ್ನೆಲ್ಲ ಬದಲಿಸುವ ಕೆಲಸಕ್ಕಾಗಿ 2025ರ ಕೊನೆಗೆ ಎರಡನೇ ಬೆಳೆಗೆ ನೀರಿಲ್ಲವೆಂಬ ತೀರ್ಮಾನ ಬಂತು.

"ನಾ ಒಂದೇ ಬೆಳಿ ಲೆಕ್ಕ ಹಾಕಿ ಸಾಲ ಮಾಡೀನ್ರಿ," ಎಂದರು ಮಿಲ್ಲಿನವರು. "ಎರಡನೇದು ಬಂದ್ರ ದೇವರು ಕೊಟ್ಟಂಗ." ಅಕ್ಕಿ ದರ ಬಿದ್ದರೂ ತೌಡು, ನುಚ್ಚು, ಹೊಟ್ಟಿನ ರೊಕ್ಕ ಕರೆಂಟಿಗೂ ಕೂಲಿಗೂ ಆಗುವಂತೆ ಅವನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಾರೆ.

ಕುರುಗೋಡು ಮುಟ್ಟುವಾಗ ಸಂಜೆ. ಬಂಡೆಗುಡ್ಡದ ನೆರಳು ಊರ ಮೇಲೆ ಚಾಚಿತ್ತು. ದೊಡ್ಡಬಸವೇಶ್ವರ ಗುಡಿಯೊಳಗೆ, ಮೇಲೆ ನೋಡಿದಷ್ಟೂ ಎತ್ತರಕ್ಕೆ, ಏಕಶಿಲೆಯ ಬಸವಣ್ಣ ಕೂತಿದ್ದಾನೆ. ಗುಡಿಯಿಂದ ಬರುವಾಗ ಸಿಕ್ಕ ಒಂದು ಕಿರಾಣಿ ಅಂಗಡಿಯಲ್ಲಿ, ಅದನ್ನು ನಡೆಸುವ ಅಕ್ಕನ ಉದ್ದರಿ ಪುಸ್ತಕ ನೋಡಿದೆ. ಕೆಂಪು ಬಟ್ಟೆಯ ರಟ್ಟು, ಎಣ್ಣೆ ಬೆರಳಿನ ಗುರುತು, ದಾರಕ್ಕೆ ಕಟ್ಟಿದ ಪೆನ್ನು.

ಪುಸ್ತಕ ಮೂರು ಭಾಗವಾಗಿತ್ತು: ತಿಂಗಳ ಪಗಾರದವರು, ವಾರದ ಕೂಲಿಯವರು, ಮೆಣಸಿನಕಾಯಿಯವರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೇ ನುಗ್ಗಿದ್ದರು. ಆ ದರದ ಪೆಟ್ಟು ಇಂಥ ಅಂಗಡಿಗಳ ಗಲ್ಲಾಪೆಟ್ಟಿಗೆಗೂ ಬಿತ್ತು. "ಆ ವರ್ಷ ಉದ್ದರಿ ಎಲ್ಲಾ ಮೆಣಸಿನಕಾಯಿ ಮ್ಯಾಲೇ ಇತ್ತು ನೋಡ್ರಿ," ಎಂದರು ಅಕ್ಕ. "ಈಗ ಅವ್ರಿಗೆ ಎರಡೇ ಹಾಳಿ. ತುಂಬಿದ್ವು ಅಂದ್ರ ಮುಗೀತು. ಹಳೇದು ತೀರಿಸಿದವರ ಹೆಸರು ಹೊಡದ ಮ್ಯಾಲೇ ಹೊಸಾದು."

ಮಾತಾಡುತ್ತಿದ್ದಾಗಲೇ ಹೆಗಲ ಮೇಲಿನ ಟವೆಲಿಗೆ ಕೆಂಪು ಧೂಳು ಮೆತ್ತಿದ್ದ ಮುದುಕರೊಬ್ಬರು ಬಂದು, ಕೆಮ್ಮುತ್ತ, "ತಾಯೀ, ಎರಡು ಕಿಲೋ ಸಕ್ರಿ, ಒಂದು ಪಾಕೀಟು ಎಣ್ಣಿ" ಎಂದರು. ಅಕ್ಕ ಹಾಳೆ ತಿರುವಿದರು. ಎರಡನೆಯದರ ತಳದಲ್ಲಿ ಒಂದೇ ಗೆರೆ ಖಾಲಿ ಇತ್ತು. ಅಜ್ಜನ ಹಿಂದೆ ಒಬ್ಬ ಹೆಂಗಸು, ಕೈಯಲ್ಲಿ ಖಾಲಿ ಚೀಲ ಹಿಡಿದು ನಿಂತಿದ್ದಳು.

ಅಕ್ಕ ಪೆನ್ನೆತ್ತಿ ಅಜ್ಜನ ಹೆಸರನ್ನು ಗೆರೆಯ ಎಡಗಡೆಗೆ ಒತ್ತಿ, ಸಣ್ಣ ಅಕ್ಷರದಲ್ಲಿ ಬರೆದರು. ಬಲಗಡೆ ಇನ್ನೊಂದು ಹೆಸರಿಗೆ ಜಾಗ ಉಳಿಯಿತು.