ವಿಹಾರೋದ್ಯಾನದಲ್ಲಿ ಬ್ಯಾಟರಿ ಗಾಡಿ

ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ತೆಂಗಿನ ಸೀಮೆಗೆ ಅಪರಿಚಿತರಲ್ಲ. ಮಾಯಸಂದ್ರದಲ್ಲಿರುವ ನಮ್ಮ ಸೋದರಮಾವನವರೂ ಅವರಲ್ಲೊಬ್ಬರು. ಕೋಲೂರಿಕೊಂಡು ಹತ್ತು ಹೆಜ್ಜೆ ನಡೆಯಬಲ್ಲರು; ಹನ್ನೊಂದನೆಯದು ಕಷ್ಟ. ಕಳೆದ ಬೇಸಗೆಯಲ್ಲಿ ಮೊಮ್ಮಕ್ಕಳು ಬಿಡದಿಯ ವಂಡರ್ಲಾ ನೋಡಲು ಹೊರಟು ನಿಂತು, ತಾತನೂ ಬಂದೇ ತೀರಬೇಕೆಂದು ಹಠ ಹಿಡಿದರು. 2005ರಲ್ಲಿ ತೆರೆದ ಆ ಉದ್ಯಾನದ ವಿಸ್ತಾರ ಸುಮಾರು 80 ಎಕರೆ. ಇಂತಹ ಉದ್ಯಾನಗಳಲ್ಲಿ ಮನುಷ್ಯನನ್ನು ಎತ್ತುವುದು, ಬೀಳಿಸುವುದು, ತಿರುಗಿಸುವುದು ಎಲ್ಲವೂ ಯಂತ್ರಗಳ ಕೆಲಸ. ಒಂದು ಯಂತ್ರದಿಂದ ಇನ್ನೊಂದರ ಬಳಿಗೆ ಹೋಗುವುದು ಮಾತ್ರ ಕಾಲಿನ ಕೆಲಸ. ಈ ನಡುವಣ ನೆಲವೇ ನಮ್ಮ ಸಮಸ್ಯೆಯಾಯಿತು.

ಅದಕ್ಕೆ ಪರಿಹಾರವೆಂದು ಸ್ನೇಹಿತರೊಬ್ಬರಿಂದ ಮೂರು ಚಕ್ರದ ಮೊಬಿಲಿಟಿ ಸ್ಕೂಟರೊಂದನ್ನು ಎರವಲು ತಂದೆವು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಲನ್ ಥೀಮ್ ಎಂಬಾತನು ರೋಗಪೀಡಿತರಾದ ತನ್ನ ಬಂಧುವೊಬ್ಬರಿಗಾಗಿ 1968ರಲ್ಲಿ ರಚಿಸಿದ ವಾಹನದ ವಂಶಕ್ಕೆ ಸೇರಿದುದು ಇದು. ಗಾಲಿಕುರ್ಚಿಯನ್ನು ಹೆಚ್ಚಾಗಿ ಹಿಂದಿನಿಂದ ಮತ್ತೊಬ್ಬರು ತಳ್ಳಬೇಕು. ಇಲ್ಲಿ ಕುಳಿತವರ ಕೈಯಲ್ಲೇ ಹಿಡಿಯಿರುತ್ತದೆ. ಮಾವನವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಇದೇ.

ಗಾಡಿಯ ಬ್ಯಾಟರಿ ದಿನವಿಡೀ ಬಂದೀತೇ? ಗಾಡಿ 50 ಕಿಲೋಗ್ರಾಂ, ಕುಳಿತವರು 70 ಕಿಲೋಗ್ರಾಂ ತೂಗುವರೆಂದು ಭಾವಿಸೋಣ. ಗಟ್ಟಿಯಾದ ಸಮನೆಲದಲ್ಲಿ ಚಕ್ರಗಳ ಉರುಳುಘರ್ಷಣೆ ಭಾರದ ನೂರರಲ್ಲಿ ಎರಡು ಪಾಲೆಂದು ಹಿಡಿದರೆ, ಗಂಟೆಗೆ 5 ಕಿಲೋಮೀಟರ್ ವೇಗಕ್ಕೆ ಬೇಕಾಗುವುದು ಸುಮಾರು 33 ವಾಟ್. ಇನ್ನು ಏರಿನ ಮಾತು. ನಮ್ಮ ದೇಶದ ಕಟ್ಟಡ ಮಾರ್ಗದರ್ಶಿಗಳು ಒಪ್ಪುವ ಇಳಿಜಾರು 12ಕ್ಕೆ 1. ಅರ್ಥಾತ್ ಒಂದು ಅಡಿ ಎತ್ತರದ ಜಗಲಿಗೆ 12 ಅಡಿ ಉದ್ದದ ಹಾದಿ. ಕಣ್ಣಿಗೆ ಸೌಮ್ಯವಾಗಿ ಕಾಣುವ ಈ ಏರನ್ನು ಅದೇ ವೇಗದಲ್ಲಿ ಹತ್ತಲು ಸುಮಾರು 170 ವಾಟ್ ಬೇಕು. ಐದು ಪಟ್ಟು! 24 ವೋಲ್ಟ್, 12 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವ ಶಕ್ತಿ 288 ವಾಟ್-ಗಂಟೆ. ಅದರಲ್ಲಿ ಅರ್ಧವಷ್ಟೇ ಉಪಯೋಗಕ್ಕೆ ದೊರೆತರೂ ಸಮನೆಲದಲ್ಲಿ ನಾಲ್ಕು ಗಂಟೆಗಳಿಗೆ ಮೀರಿ ಓಡಬಹುದು; ಏರಿನಲ್ಲಿ ಒಂದು ಗಂಟೆಯೂ ಇಲ್ಲ. ತೋಟದ ಸಡಿಲ ಮಣ್ಣಿನಲ್ಲಂತೂ ಚಕ್ರ ಹೂತು, ಗಾಡಿ ಗೊಣಗಿ ನಿಂತುಬಿಟ್ಟಿತು.

ನಿಜವಾದ ಪಾಠ ಕಲಿತದ್ದು ಕಣದಲ್ಲಿ. ವೇಗದ ಗುಂಡಿಯ ಒಂದು ಕೊನೆಗೆ ಆಮೆಯ ಚಿತ್ರ, ಇನ್ನೊಂದಕ್ಕೆ ಮೊಲದ ಚಿತ್ರ. ನಾವು ವಿದ್ವತ್ತಿನ ಹುಮ್ಮಸ್ಸಿನಲ್ಲಿ ಮೊಲದ ಕಡೆಗೆ ತಿರುಗಿಸಿ, ಹಿಡಿಯನ್ನು ಪೂರ್ತಿ ಹೊರಳಿಸಿದೆವು. ಹಿಂದಿನ ಒಂದು ಚಕ್ರ ಮೇಲೆದ್ದಿತು, ನಾವು ಕೆಳಗಿದ್ದೆವು.

ಕಾರಣ ಸರಳವಾದುದು. ಮೂರು ಚಕ್ರಗಳು ನೆಲ ಮುಟ್ಟುವ ಬಿಂದುಗಳನ್ನು ಗೆರೆಗಳಿಂದ ಸೇರಿಸಿದರೆ ತ್ರಿಕೋನವಾಗುತ್ತದೆ. ಹಿಂದಿನ ಚಕ್ರಗಳ ನಡುವಣ ಅಂತರ 50 ಸೆಂಟಿಮೀಟರಾದರೂ ಮುಂದಕ್ಕೆ ಸಾಗಿದಂತೆ ತ್ರಿಕೋನ ಕಿರಿದಾಗುವುದರಿಂದ, ಸವಾರನ ಗುರುತ್ವಕೇಂದ್ರದ ಕೆಳಗೆ ಪಕ್ಕದ ಗೆರೆ ಸುಮಾರು 17 ಸೆಂಟಿಮೀಟರ್ ದೂರದಲ್ಲಷ್ಟೇ ಇರುತ್ತದೆ. ಗುರುತ್ವಕೇಂದ್ರದ ಎತ್ತರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಪಕ್ಕದ ಸೆಳೆತ ಭಾರದ ಶೇಕಡ 28ನ್ನು ಮುಟ್ಟಿದರೆ ಗಾಡಿ ಮಗುಚುತ್ತದೆ. ಒಂದು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 6 ಕಿಲೋಮೀಟರ್ ವೇಗವಿದ್ದರೆ ಸೆಳೆತ ಸರಿಯಾಗಿ ಅಷ್ಟೇ! ವೇಗವನ್ನು 4ಕ್ಕೆ ಇಳಿಸಿದರೆ ಅದು ಶೇಕಡ 13ಕ್ಕೆ ಇಳಿಯುತ್ತದೆ. ಏಕೆಂದರೆ ಸೆಳೆತವು ವೇಗದ ವರ್ಗವನ್ನು ಅನುಸರಿಸುತ್ತದೆ. ನಾಲ್ಕು ಚಕ್ರದ ಗಾಡಿಯಾದರೆ ಶೇಕಡ 42ರವರೆಗೂ ತಡೆದುಕೊಂಡೀತು. ಆದರೆ ಅದು ತಿರುಗಲು ಹೆಚ್ಚು ಜಾಗ ಬೇಡುತ್ತದೆ.

ಗಾಡಿಯ ಸಮೇತ ಆಟದ ಯಂತ್ರವನ್ನೇರಲಾಗದೇ ಎಂದು ಮೊಮ್ಮಗಳು ಕೇಳಿದಳು. ಭಾರವು ಮೂರು ಪಟ್ಟಾಗುವಂತಹ ತಿರುವಿನಲ್ಲಿ 50 ಕಿಲೋಗ್ರಾಂನ ಗಾಡಿ 150ರಂತೆ ಒತ್ತುತ್ತದೆ, ಬಿಗಿಯದಿದ್ದರೆ ಅನಾಹುತ. ಬಿಗಿಯುವ ಏರ್ಪಾಡನ್ನು ಮೊದಲೇ ಯೋಚಿಸಿ ಕಟ್ಟಿದ ಉದ್ಯಾನವೂ ಇದೆ. ಅಮೆರಿಕದ ಸ್ಯಾನ್ ಆಂಟೋನಿಯೋ ನಗರದಲ್ಲಿ 2010ರಲ್ಲಿ ತೆರೆದ ಮೋರ್ಗನ್ಸ್ ವಂಡರ್‌ಲ್ಯಾಂಡಿನಲ್ಲಿ ಗಾಲಿಕುರ್ಚಿಯ ಸಮೇತ ಉಯ್ಯಾಲೆಯಾಡಬಹುದು. 2017ರಲ್ಲಿ ಅದರ ಜಲವಿಹಾರಕ್ಕಾಗಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು ರೂಪಿಸಿದ, ಒತ್ತಿದ ಗಾಳಿಯಿಂದ ಓಡುವ ಕುರ್ಚಿಗಳನ್ನು ತರಲಾಯಿತು. ನೀರು ಬ್ಯಾಟರಿಗೆ ಶತ್ರು. ಗಾಳಿಯ ಉರುಳೆಗೆ ಅಲ್ಲ. ಬರಿದಾದ ಉರುಳೆಯನ್ನು ಕೆಲವೇ ನಿಮಿಷಗಳಲ್ಲಿ ತುಂಬಬಹುದು.

ಅಂತಹ ಏರ್ಪಾಡಿಲ್ಲದ ಕಡೆ ಗಾಡಿಯಿಂದಿಳಿದು ಯಂತ್ರದ ಆಸನಕ್ಕೆ ಸರಿಯಬೇಕು. ಎರಡು ಆಸನಗಳ ಎತ್ತರ ಸಮನಾಗಿದ್ದರೆ ತೋಳಿನ ಬಲ ಸಾಕು. ಒಂದು ಗೇಣು ಎತ್ತರವಿದ್ದರೆ ಮೈಭಾರವನ್ನೇ ಎತ್ತಬೇಕು. ಯಂತ್ರ ನಡುವೆ ಕೆಟ್ಟು ನಿಂತರೆ ಏಣಿ ಇಳಿಯಬಲ್ಲಿರಾ ಎಂದು ನಾವು ಮಾವನವರನ್ನು ಕೇಳಿದೆವು.

"ನಲವತ್ತು ವರ್ಷ ಮರ ಇಳಿದವನಪ್ಪಾ ನಾನು. ಒಂದೇ ಒಂದು ಸಲ ಸ್ವಲ್ಪ ಬೇಗ ಇಳಿದೆ" ಎಂದರು.

ಡಿಸೆಂಬರಿನಲ್ಲಿ ಹೋಗುವುದೆಂದು ನಿಶ್ಚಯವಾಗಿದೆ. ಯಾವ ಆಟಕ್ಕೆ ಎಷ್ಟು ಮೆಟ್ಟಿಲು ಎಂಬುದನ್ನು ದೂರವಾಣಿಯಲ್ಲಿ ವಿಚಾರಿಸುವ ಕೆಲಸ ಮೊಮ್ಮಗಳದು. ನಾವು ನಾಲ್ಕು ಚಕ್ರದ ಗಾಡಿಯೊಂದನ್ನು ಹುಡುಕುತ್ತಿದ್ದೇವೆ.